ಕರ್ಚೀಫ್ ಕಟ್ಟಿದ ನಾಯಿಗಳು

ನಾಲ್ಕನೇ ಗೂಡಿನಲ್ಲಿ ಎರಡು ನಾಯಿಗಳಿರಬೇಕಿತ್ತು. ಇದ್ದದ್ದು ಒಂದೇ.

ಲೋಲಾಕ್ಷಿಯಕ್ಕ ಸರಳು ಹಿಡಿದು ಬಗ್ಗಿ ನೋಡಿದರು. ಇನ್ನೊಂದು ಕೈ ಹೊಟ್ಟೆಯ ಹೊಲಿಗೆಯ ಮೇಲಿತ್ತು. ಆಪರೇಶನ್ ಆಗಿ ಮಂಗಳೂರಿನ ಆಸ್ಪತ್ರೆಯಿಂದ ಆ ಗುರುವಾರ ಬೆಳಿಗ್ಗೆಯಷ್ಟೇ ಬಿಟ್ಟಿದ್ದರು. ನಮ್ಮ ಮುಳ್ಳೇರಿಯ ಪೇಟೆಯಲ್ಲಿ ಬಸ್ಸಿಳಿದವರು ಮನೆಗೂ ಹೋಗಿರಲಿಲ್ಲ. ನನ್ನ ಆಟೋ ಹತ್ತಿ, "ವಿಜೇತಾ, ಮೊದಲು ಮಕ್ಕಳ ಹತ್ರ ಬಿಡು" ಅಂದಿದ್ದರು.

ಮಕ್ಕಳೆಂದರೆ ರಾಜ, ರಾಣಿ. ಒಂದೇ ಸೂಲಿನ ಲ್ಯಾಬ್ರಡಾರ್‌ಗಳು. ಸಂಸಾರ ಸಮೇತ ಗಲ್ಫಿಗೆ ಹೊರಟ ಯಾರೋ ದೊಡ್ಡವರು ಮರಿಗಳನ್ನು ಬೀಡಿ ಕಟ್ಟುವ ಈ ಅಕ್ಕನ ಜಗಲಿಗೆ ದಾಟಿಸಿ ವಿಮಾನ ಹತ್ತಿದ್ದರು. ಅಕ್ಕ ಮೀನಿನ ತಲೆ ಬೇಯಿಸಿ ಹಾಕಿ ಅವನ್ನು ಹೋರಿಗಳ ಹಾಗೆ ಬೆಳೆಸಿದ್ದರು. ಆಸ್ಪತ್ರೆ ಸೇರುವಾಗ ಇಪ್ಪತ್ತು ದಿನಕ್ಕೆಂದು ಈ ‘ಮುದ್ದುಮನೆ’ಯಲ್ಲಿ ಬಿಟ್ಟಿದ್ದರು. ನಾಯಿಗಳ ಹಾಸ್ಟೆಲ್. ಗೇಟಿನ ಮೇಲೆ ನಗುವ ನಾಯಿಯ ಚಿತ್ರ.

"ರಾಜ ಎಲ್ಲಿ?"

ಮುದ್ದುಮನೆಯ ಒಡತಿ, ಕುವೈಟಿನ ಕೆಲಸ ಬಿಟ್ಟು ಬಂದ ಜ್ಯೋತ್ಸ್ನಾ ಕಣ್ಣೊರೆಸಿಕೊಂಡರು. "ಅಕ್ಕಾ, ಹೇಗೆ ಹೇಳುವುದು ಅಂತ ಗೊತ್ತಾಗುದಿಲ್ಲ. ರಾಜನಿಗೆ ಹುಚ್ಚು ಹಿಡಿಯಿತು. ನೊರೆ ಕಾರಿ ಮೊನ್ನೆ ಮಂಗಳವಾರ ಹೋದ. ಸುಣ್ಣ ಹಾಕಿ ಹೂತೆವು. ನೀವು ಆಸ್ಪತ್ರೆಯಲ್ಲಿ, ಫೋನ್ ಮಾಡುವ ಧೈರ್ಯ ಬರಲಿಲ್ಲ."

"ಹುಚ್ಚಾ? ಇಂಜೆಕ್ಷನ್ ಕೊಡಿಸಿದ್ದೇನೆ ನಾನು. ಪಂಚಾಯತಿನ ಚೀಟಿ ಉಂಟು."

"ಚೀಟಿ ಇದ್ದದ್ದಕ್ಕೂ ಬರ್ತದೆ ಅಕ್ಕಾ. ರಾಣಿಗೂ ಕಚ್ಚಿದ್ದಾನೆ. ನಾಳೆ ಮಧ್ಯಾಹ್ನ ಮಂಗಳೂರಿನಿಂದ ಡಾಕ್ಟ್ರು ಬರ್ತಾರೆ. ನೋವಿಲ್ಲದ ಹಾಗೆ ಮಲಗಿಸಿಬಿಡ್ತಾರೆ. ಇಲ್ಲೊಂದು ಸೈನ್ ಹಾಕಿ."

ಅಕ್ಕ ಕಾಗದ ಮುಟ್ಟಲಿಲ್ಲ. ಸರಳಿನೊಳಗೆ ಕೈ ಹಾಕಿದರು. ಜ್ಯೋತ್ಸ್ನಾ ಹಿಡಿದೆಳೆದರು. "ಮುಟ್ಟಬೇಡಿ! ನಿಮಗೂ ಬಂದರೆ?"

ರಾಣಿ ಮಲಗಿದಲ್ಲೇ ಎರಡು ಸಲ ಬಾಲ ಎತ್ತಿತು. ಎದ್ದು ಬರಲಿಲ್ಲ. ಅದರ ಕುತ್ತಿಗೆಗೆ ಹಳದಿ ಹೂವಿನ ಕರ್ಚೀಫ್ ಕಟ್ಟಿದ್ದರು. ಚಂದಕ್ಕೆ.

ನಾವು ಹೊರಡುವ ಹೊತ್ತಿಗೆ ಕೆಲಸದ ಬೋಜ ಹಿತ್ತಲಿನಿಂದ ಬಂದು ಅದೇ ಗೂಡಿನ ನೆಲ ಉಜ್ಜತೊಡಗಿದ. ಬರಿಗೈ. ಉಜ್ಜಿ ಮುಗಿಸಿ, ಅದೇ ಒದ್ದೆ ಕೈಯಲ್ಲಿ ವೀಳ್ಯದೆಲೆ ಮಡಚಿ ಬಾಯಿಗಿಟ್ಟ.

ನಾನು ಮುಖ ತಿರುಗಿಸಿದೆ. ಅದರ ಅರ್ಥ ಹೊಳೆದದ್ದು ಮಾತ್ರ ಸಂಜೆಗೆ.

*

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಅಕ್ಕ ಮನೆಯ ಬೀಗ ತೆಗೆಯುವಷ್ಟರಲ್ಲಿ ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನವನ ಫೋನು. ಸದ್ಯ ಬೀಡಿ ತರುವುದು ಬೇಡವಂತೆ. ಹುಚ್ಚುನಾಯಿಯ ಮನೆಯ ಬೀಡಿಯನ್ನು ಬಾಯಿಗಿಡುವುದು ಯಾರು ಎಂದನಂತೆ. ಎದುರು ಮನೆಯವರು ಮಕ್ಕಳನ್ನು ಒಳಗೆ ಕರೆದರು. ಹೊಲಿಗೆ ಒಣಗದ ಹೆಂಗಸಿಗೆ ಒಂದು ಲೋಟ ಗಂಜಿನೀರು ಕೊಡಲು ಜನ ಇಲ್ಲ. ಇದು ನಮ್ಮ ಊರು. ಥೂ.

ಅಕ್ಕ ಅಳಲಿಲ್ಲ. "ರಾಜನಿಗೆ ಹುಚ್ಚು ಬಂದದ್ದಲ್ಲ ಮಗಾ. ಯಾರೋ ವಿಷ ಹಾಕಿದ್ದು. ನಾಳೆ ಮಧ್ಯಾಹ್ನದೊಳಗೆ ನೀನು ಏನಾದರೂ ಮಾಡದಿದ್ದರೆ ರಾಣಿಯನ್ನೂ ಕೊಲ್ತಾರೆ."

"ನಾನು ಆಟೋದವ ಅಕ್ಕಾ. ನಾನೆಂತ ಮಾಡ್ಲಿ?"

"ನಿನಗೆ ಸಿಟ್ಟು ಬರ್ತದಲ್ಲ. ಉಳಿದವರಿಗೆ ಅದೂ ಬರುದಿಲ್ಲ."

ವಿಷ ಎಂದ ಕೂಡಲೇ ನನಗೆ ಒಂದು ಮುಖ ಕಂಡಿತು.

*

ಮುದ್ದುಮನೆಯ ಬೇಲಿಗೆ ತಾಗಿ ಮಹಾಗಣಪತಿ ಭಟ್ಟರ ರಬ್ಬರ್ ತೋಟ. ನಾಯಿಗಳ ಬೊಬ್ಬೆಯಿಂದ ನಿದ್ದೆಯಿಲ್ಲ, ಒಂದು ದಿನ ಎಲ್ಲಕ್ಕೂ ವಿಷ ಹಾಕುತ್ತೇನೆ ಎಂದು ಪೇಟೆಯ ಹೋಟೆಲಿನಲ್ಲಿ ಕೂತು ಅವರು ಹೇಳಿದ್ದನ್ನು ಹತ್ತು ಜನ ಕೇಳಿದ್ದೇವೆ.

ಸಂಜೆ ನಾಲ್ಕಕ್ಕೆ ಅವರ ಅಂಗಳಕ್ಕೆ ಆಟೋ ನುಗ್ಗಿಸಿದೆ. ರಬ್ಬರ್ ಶೀಟ್ ಒಣ ಹಾಕುತ್ತಿದ್ದರು.

"ಭಟ್ರೇ, ರಾಜನಿಗೆ ಎಂತ ಹಾಕಿದ್ದು?"

"ಯಾವ ರಾಜ? ಎಂತ ಮಾರಾಯ, ಕುಡಿದಿದ್ದೀಯಾ?"

"ಮುದ್ದುಮನೆಯ ನಾಯಿ. ಸತ್ತಿದೆ. ವಿಷ ಹಾಕ್ತೇನೆ ಅಂತ ಹೇಳಿದ್ದು ನೀವೇ ಅಲ್ವಾ?"

ಭಟ್ಟರು ಶೀಟ್ ಕೆಳಗಿಟ್ಟರು. "ವಿಷ ಹಾಕುವವ ಪಂಚಾಯತಿಗೆ ಆರು ಸಲ ಅರ್ಜಿ ಕೊಡ್ತಾನಾ? ಸಾಕ್ಷಿ ಬೇಕು ಅಂದರು ಅವರು. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ರೆಕಾರ್ಡ್ ಮಾಡ್ತಾ ಇದ್ದೇನೆ. ಕೇಳು."

ಫೋನು ನನ್ನ ಕಿವಿಗೆ ಹಿಡಿದರು. ಬೊಬ್ಬೆಯೋ ಬೊಬ್ಬೆ. ತಾರೀಕು ಸಮೇತ. ಒಂದೊಂದೇ ಕೇಳಿದೆ. ನಡುನಡುವೆ ಬೇರೆ ತರದವು ಬಂದವು. ಆರೂವರೆಗೆ ಬೊಬ್ಬೆ. ಏಳಕ್ಕೆ ಒಂದೊಂದೇ ದೊಡ್ಡ ಗಂಟಲು ನಿಂತು, ಸಣ್ಣ ಪೊಮೆರೇನಿಯನ್‌ಗಳ ಕೀರಲು ಮಾತ್ರ.

"ಇದೆಂತ ಭಟ್ರೇ?"

"ಮಂಗಳವಾರ, ಶುಕ್ರವಾರ ಮಾತ್ರ ಹೀಗೆ. ದೊಡ್ಡವು ಮಧ್ಯಾಹ್ನದವರೆಗೆ ಉಸಿರೆತ್ತುದಿಲ್ಲ. ಆ ಎರಡು ದಿನ ನಾನು ಕಣ್ಣು ಮುಚ್ಚುದು. ಅದಕ್ಕೂ ನಾನೇ ಕಾರಣವಾ?"

ಮಂಗಳವಾರ, ಶುಕ್ರವಾರ. ಆ ಎರಡು ದಿನ ನಾನೂ ಅಲ್ಲಿಗೆ ಹೋಗುತ್ತೇನೆ.

*

ವಾರಕ್ಕೆ ಎರಡು ಸಲ, ಬೆಳಿಗ್ಗೆ ಎಂಟೂವರೆಗೆ, ಜ್ಯೋತ್ಸ್ನಾ ಮೇಡಂ ಫೋನ್ ಮಾಡುತ್ತಾರೆ. ಒಂದು ಥರ್ಮೋಕೋಲ್ ಪೆಟ್ಟಿಗೆ ಕೊಡುತ್ತಾರೆ. ನಾನು ಅದನ್ನು ಪೇಟೆಗೆ ತಂದು ಮಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಈ ಕಡೆ ಅರ್ಧ ಸಾಮಾನು ಓಡುವುದು ಹಾಗೆಯೇ. ಮೇಲೆ ಒಂದು ಫೋನ್ ನಂಬರ್ ಬರೆದರೆ ಸಾಕು, ಆ ತುದಿಯಲ್ಲಿ ಯಾರೋ ಬಂದು ಇಳಿಸಿಕೊಳ್ಳುತ್ತಾರೆ. ಒಳಗೆ ಎಂತದೆಂದು ಯಾರೂ ಕೇಳುವುದಿಲ್ಲ. ನಾನೊಮ್ಮೆ ಕೇಳಿದ್ದೆ. "ವ್ಯಾಕ್ಸಿನ್. ಅಲುಗಾಡಿಸಬೇಡ" ಅಂದಿದ್ದರು. ತಲೆಯಾಡಿಸಿದ್ದೆ.

ಭಟ್ಟರ ಅಂಗಳದಿಂದ ಹೊರಟವನು ರಸ್ತೆ ಬದಿಯಲ್ಲಿ ಆಟೋ ನಿಲ್ಲಿಸಿ ಕೂತೆ. ಈಗ ತಲೆ ಓಡಿತು. ಲಸಿಕೆಯೆಂದರೆ ಹೊರಗಿನಿಂದ ನಾಯಿಮನೆಗೆ ಬರಬೇಕಾದದ್ದು. ನಾಯಿಮನೆಯಿಂದ ಐಸು ತುಂಬಿಸಿ ಹೊರಗೆ ಕಳಿಸುವುದೆಂತದನ್ನು?

ಆಗ ಬೋಜನ ಒದ್ದೆ ಕೈಯೂ ನೆನಪಾಯಿತು. ಹುಚ್ಚುನಾಯಿ ಸತ್ತ ಗೂಡನ್ನು ಬರಿಗೈಯಲ್ಲಿ ಉಜ್ಜಿ ಎಲೆ ಹಾಕುವ ಗುಂಡಿಗೆ ಯಾರಿಗುಂಟು? ಅವನೇ ಕೊಂದಿರಬಹುದು, ಆದ್ದರಿಂದಲೇ ಹೆದರಿಕೆಯಿಲ್ಲ ಎಂದುಕೊಂಡೆ. ಕೆಲಸ ಬಿಟ್ಟು ಬರುವಾಗ ಅವನನ್ನು ಗೂಡಂಗಡಿಯ ಮುಂದೆ ಹಿಡಿದೆ.

"ಬೋಜಣ್ಣ, ಹುಚ್ಚುನಾಯಿಯ ಇಂಜೆಕ್ಷನ್ ಎಷ್ಟಾಯಿತು ನಿಮಗೆ?"

"ಎಂತ ಇಂಜೆಕ್ಷನ್?"

"ರಾಜನಿಗೆ ಹುಚ್ಚು ಹಿಡಿದು ಸತ್ತದ್ದಲ್ವಾ? ಊರಿಗೆಲ್ಲ ಗೊತ್ತುಂಟು."

ಅವನ ಬಾಯಲ್ಲಿದ್ದ ಎಲೆ ಹೊರಗೆ ಬಿತ್ತು. "ದೇವರೇ! ನನಗೆ ಯಾರೂ ಹೇಳಲಿಲ್ಲ ಮಾರಾಯ! ಅದು ನಿದ್ದೆಯಲ್ಲಿ ಸತ್ತದ್ದು. ನೊರೆಯೂ ಇಲ್ಲ, ಎಂತದೂ ಇಲ್ಲ. ನಾನೇ ಎತ್ತಿ ಹೂತದ್ದು, ಈ ಕೈಯಲ್ಲೇ."

"ಸಾಯುವಾಗ ನೀವು ಅಲ್ಲಿದ್ರಾ?"

"ಎಲ್ಲಿಂದ? ಮಂಗಳವಾರ, ಶುಕ್ರವಾರ ಎಂಟು ಗಂಟೆಯವರೆಗೆ ಮೇಡಂ ನನ್ನನ್ನು ಒಳಗೆ ಬಿಡುದಿಲ್ಲ. ನಾಯಿಗಳಿಗೆ ರೆಸ್ಟ್ ಅಂತೆ. ಆಮೇಲೆ ದೊಡ್ಡ ನಾಯಿಗಳಿಗೆ ಕರ್ಚೀಫ್ ಕಟ್ಟಿರ್ತಾರೆ, ವಿಡಿಯೋ ತೆಗೀತಾರೆ."

"ಸಣ್ಣ ನಾಯಿಗಳಿಗೆ?"

"ಕಟ್ಟುದಿಲ್ಲ. ಯಾಕೋ."

ಅವನು ಗೂಡಂಗಡಿಯ ಬಕೆಟಿನ ನೀರಿನಲ್ಲಿ ಕೈ ತಿಕ್ಕತೊಡಗಿದ. ಅದು ನಟನೆಯಲ್ಲ. ಚಂದಕ್ಕೆ ಕಟ್ಟುವುದಾದರೆ ಮೊದಲು ಕಟ್ಟಬೇಕಾದದ್ದು ಪೊಮೆರೇನಿಯನ್‌ಗೆ. ದೊಡ್ಡ ನಾಯಿಗೆ ಮಾತ್ರ ಕಟ್ಟುವುದು ಕುತ್ತಿಗೆಯಲ್ಲಿ ಏನನ್ನೋ ಮುಚ್ಚಲು.

*

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. ಬರುತ್ತದೋ ಇಲ್ಲವೋ ಎಂದು ರಾತ್ರಿಯಿಡೀ ಹೊರಳಾಡಿದ್ದೆ. ಹಿಂದಿನ ದಿನ ಲೋಲಾಕ್ಷಿಯಕ್ಕನನ್ನು ಕರೆದುಕೊಂಡು ಹೋದವನು ನಾನೇ. ಆದರೂ ಕರೆದರು. ಆಟೋದವನನ್ನು ಅವರು ಆಟೋದ ನಾಲ್ಕನೇ ಚಕ್ರ ಎಂದುಕೊಂಡಿದ್ದರು.

"ಬೇಗ ಹೋಗು, ಬಸ್ ತಪ್ಪಿಸಬೇಡ" ಎಂದು ಗೇಟಿನಲ್ಲಿ ಪೆಟ್ಟಿಗೆ ಕೊಟ್ಟರು.

"ಆಯ್ತು ಮೇಡಂ."

ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಸೀದಾ ಸರ್ಕಾರಿ ಮೃಗಾಸ್ಪತ್ರೆಗೆ ಹೋದೆ. ಡಾಕ್ಟರ್ ಕ್ಷಮಾ ಆಗಷ್ಟೇ ಬಂದಿದ್ದರು. ಪೆಟ್ಟಿಗೆ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

ಅವರು ಟೇಪು ಕತ್ತರಿಸಿದರು. ಐಸಿನ ನಡುವೆ ಮೂರು ಚೀಲ. ಕಡುಗೆಂಪು. ಒಂದೊಂದರ ಮೇಲೂ ಆ ದಿನದ ತಾರೀಕು, ಗೂಡಿನ ನಂಬರ್. ಎರಡು. ಏಳು. ನಾಲ್ಕು.

"ರಕ್ತ" ಎಂದರು ಡಾಕ್ಟರ್, ಮೆಲ್ಲಗೆ. "ಉಣ್ಣಿ ಜ್ವರ ಬಂದ ನಾಯಿಗಳಿಗೆ ಬೇಕಾಗ್ತದೆ. ತೂಕದ ನಾಯಿಯಿಂದ ಮಾತ್ರ ತೆಗೆಯಬಹುದು. ಕುತ್ತಿಗೆಯ ರೋಮ ಬೋಳಿಸಿ, ದೊಡ್ಡ ನರಕ್ಕೆ ಸೂಜಿ ಹಾಕಬೇಕು. ಒಮ್ಮೆ ತೆಗೆದರೆ ತಿಂಗಳುಗಟ್ಟಲೆ ಮತ್ತೆ ಮುಟ್ಟಬಾರದು."

"ವಾರಕ್ಕೆ ಎರಡು ಸಲ ತೆಗೆದರೆ?"

ಅವರು ಚೀಲಗಳನ್ನು ಮತ್ತೆ ಐಸಿನಲ್ಲಿಟ್ಟರು. ಪೊಲೀಸರಿಗೆ ಫೋನ್ ಮಾಡಿದರು.

ನಾನು ಹೊರಗೆ ಹೋಗಿ ಆಟೋದ ಪಕ್ಕ ನಿಂತೆ. ಮಂಗಳವಾರ ನನ್ನ ಹಿಂದಿನ ಸೀಟಿನಲ್ಲಿ ಹೋದದ್ದು ರಾಜ. ಅಲುಗಾಡಿಸಬಾರದೆಂದು ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದ್ದೆ.

*

ಹತ್ತೂವರೆಗೆ ಮುದ್ದುಮನೆಯ ಅಂಗಳದಲ್ಲಿ ಎಸ್‌ಐ, ಇಬ್ಬರು ಪೊಲೀಸರು, ಡಾಕ್ಟರ್ ಕ್ಷಮಾ, ಬೋಜ, ನಾನು ಇದ್ದೆವು. ಲೋಲಾಕ್ಷಿಯಕ್ಕನನ್ನೂ ಕರೆತಂದಿದ್ದೆ.

ಜ್ಯೋತ್ಸ್ನಾ ಮೊದಲು ನಕ್ಕರು. "ಸರ್, ಇದು ಹುಚ್ಚುನಾಯಿಯ ಕೇಸು. ಹತ್ತಿರ ಹೋಗಬೇಡಿ. ಇದೆಲ್ಲ ಈ ಬೋಜ ಮಾಡಿದ್ದಿರಬಹುದು."

"ಬೋಜಣ್ಣನಿಗೆ ಸೂಜಿ ಹಿಡಿಯಲು ಬರ್ತದಾ ಮೇಡಂ?" ನಾನು ಕೇಳಿದೆ. "ಕುವೈಟಿನ ಲ್ಯಾಬಿನಲ್ಲಿ ಹನ್ನೊಂದು ವರ್ಷ ರಕ್ತ ತೆಗೆದದ್ದು ನೀವು. ನೀವೇ ಎಲ್ಲರ ಹತ್ರ ಹೇಳಿಕೊಳ್ತೀರಿ."

"ಆಟೋದವನೇ, ನೀನು ಬಾಯಿ ಮುಚ್ಚು."

"ಮುಚ್ಚಿದ್ದು ಸಾಕು. ಸರ್, ಕೇಳಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ದೊಡ್ಡ ನಾಯಿಗಳು ಏಳು ಗಂಟೆಗೆ ಮದ್ದಿನ ನಿದ್ದೆಗೆ ಬೀಳ್ತವೆ. ಭಟ್ರ ಫೋನಿನಲ್ಲಿ ಉಂಟು. ಆ ಹೊತ್ತು ಬೋಜಣ್ಣ ಗೇಟಿನ ಹೊರಗೆ. ಎಂಟೂವರೆಗೆ ನನಗೆ ಪೆಟ್ಟಿಗೆ. ಮಂಗಳವಾರ ರಾಜ ನಿದ್ದೆಯಿಂದ ಏಳಲಿಲ್ಲ, ಮೈಯಲ್ಲಿ ರಕ್ತ ಮುಗಿದಿತ್ತು. ಹುಚ್ಚು ಅಂದರೆ ಯಾರೂ ಹೆಣ ಮುಟ್ಟುದಿಲ್ಲ, ಸುಣ್ಣ ಹಾಕಿದರೂ ಯಾರೂ ಕೇಳುದಿಲ್ಲ. ರಾಣಿಯೂ ಬತ್ತಿದೆ, ಮನೆಗೆ ಹೋಗಿ ಬಿದ್ದರೆ ಗುಟ್ಟು ಹೊರಗೆ ಬೀಳ್ತದೆ."

"ಇದು ಬರೀ ಅಂದಾಜು" ಎಂದರು ಜ್ಯೋತ್ಸ್ನಾ.

"ಹೌದಾ? ರಾಣಿಗೆ ಹುಚ್ಚುನಾಯಿ ಕಚ್ಚಿದೆ, ಇವತ್ತು ಮಧ್ಯಾಹ್ನ ಕೊಲ್ಲಬೇಕು ಅಂದವರು ನೀವು. ಹಾಗಾದರೆ ಇವತ್ತು ಬೆಳಿಗ್ಗೆ ನಾಲ್ಕನೇ ಗೂಡಿನ ರಕ್ತವನ್ನು ಬೇರೆ ನಾಯಿಗಳಿಗೆ ಅಂತ ಮಂಗಳೂರಿಗೆ ಹೇಗೆ ಕಳಿಸಿದ್ರಿ? ಆ ಗೂಡಿನಲ್ಲಿ ಉಳಿದದ್ದು ರಾಣಿ ಒಂದೇ. ಹುಚ್ಚಿಲ್ಲ ಅಂತ ನಿಮಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ. ಹೇಗೂ ಸಾಯುವ ನಾಯಿ, ಕೊನೆಯ ಚೀಲವನ್ನೂ ಹಿಂಡಿಬಿಡುವ ಅಂದುಕೊಂಡ್ರಿ."

ಡಾಕ್ಟರ್ ಗ್ಲೌಸ್ ಹಾಕಿ ಗೂಡಿನೊಳಗೆ ಕೂತರು. ಕರ್ಚೀಫ್ ಬಿಚ್ಚಿದರು. ಅಂಗೈಯಗಲ ಬೋಳಿಸಿದ ಚರ್ಮ, ಹಳೆಯ ಹೊಸ ಸೂಜಿ ಗುರುತು, ನೀಲಿಗಟ್ಟಿದ ಬಾವು. ತುಟಿ ಎತ್ತಿ ತೋರಿಸಿದರು. ಒಸಡು ಎಳನೀರಿನೊಳಗಿನ ತಿರುಳಿನಷ್ಟು ಬಿಳಿ. ಹಿಂದಿನ ಗುಡ್ಡದಲ್ಲಿ ಪೊಲೀಸರು ರಾಜನನ್ನು ತೆಗೆದರು. ಸುಣ್ಣದಡಿಯಲ್ಲಿ ಅವನ ಕರ್ಚೀಫ್ ಇನ್ನೂ ಬಿಗಿಯಾಗಿತ್ತು.

ಅಷ್ಟರಲ್ಲಿ ಒಬ್ಬ ಕಾರಿನವನು ತನ್ನ ರಾಟ್‌ವೈಲರ್ ಕರೆದುಕೊಂಡು ಹೋಗಲು ಬಂದ. ಎರಡನೇ ಗೂಡಿನದು. "ಹೋದ ಸಲವೂ ಮನೆಗೆ ಬಂದು ಮೂರು ದಿನ ಮಲಗಿತ್ತು" ಎಂದ. "ಕುತ್ತಿಗೆ ಬೋಳಿಸಿದ್ದು ಉಣ್ಣಿ ತೆಗೆಯಲು ಅಂದಿದ್ದರು. ಚೆನ್ನಾಗಿ ಆಡಿಸಿದ್ದಾರೆ, ಸುಸ್ತಾಗಿದೆ ಅಂತ ಫೈವ್ ಸ್ಟಾರ್ ಕೊಟ್ಟಿದ್ದೆ."

ಡಾಕ್ಟರ್ ಆ ನಾಯಿಯ ಕರ್ಚೀಫನ್ನೂ ಬಿಚ್ಚಿ ತೋರಿಸಿದರು.

ಜ್ಯೋತ್ಸ್ನಾ ಸಿಡಿದರು. "ನಾನೆಂತ ಕಸಾಯಿ ಅಂಗಡಿ ಇಟ್ಟಿದ್ದೇನಾ? ಆ ರಕ್ತದಿಂದ ಎಷ್ಟು ನಾಯಿ ಬದುಕಿವೆ ಗೊತ್ತುಂಟಾ ನಿಮಗೆ? ಯಾರು ಕೊಡ್ತಾರೆ ಕೇಳಿದರೆ?"

"ನಾನು ಕೊಡ್ತಿದ್ದೆ" ಎಂದರು ಲೋಲಾಕ್ಷಿಯಕ್ಕ. "ಆಪರೇಶನಿಗೆ ನನಗೆ ಎರಡು ಬಾಟ್ಲಿ ರಕ್ತ ಯಾರೋ ಗುರುತಿಲ್ಲದವರು ಕೊಟ್ಟದ್ದು. ನೀನು ಒಂದು ಮಾತು ಕೇಳಿದ್ದರೆ ಒಂದು ಸಲ ತೆಗೆಯಲು ಬಿಡ್ತಿದ್ದೆ. ಒಂದೇ ಸಲ. ನೀನು ಕೇಳಲಿಲ್ಲ."

ಪೊಲೀಸರೊಬ್ಬರು ಜ್ಯೋತ್ಸ್ನಾರನ್ನು ಜೀಪಿನತ್ತ ನಡೆಸಿದರು.

ಡಾಕ್ಟರ್ ತಾವು ತಂದಿದ್ದ ಪೆಟ್ಟಿಗೆಯಿಂದ ನಾಲ್ಕನೇ ಗೂಡಿನ ಚೀಲ ತೆಗೆದರು. "ಇದು ಒಳಗೆ ಹೋಗದಿದ್ದರೆ ಸಂಜೆಯವರೆಗೆ ಈ ನಾಯಿ ಇರುವುದಿಲ್ಲ. ಇದರದ್ದೇ ರಕ್ತ, ಇದಕ್ಕೇ ಏರಿಸ್ತೇನೆ."

"ಅದು ಕೇಸಿನ ಮಾಲು ಡಾಕ್ಟ್ರೇ" ಎಂದರು ಎಸ್‌ಐ.

"ಉಳಿದ ಎರಡು ಚೀಲ ನೀವು ಇಟ್ಟುಕೊಳ್ಳಿ. ಇದರ ಫೋಟೊ ತೆಗೀರಿ, ಸೀಸೆಯಲ್ಲಿ ಸ್ವಲ್ಪ ತೆಗೆದಿಡ್ತೇನೆ. ಉಳಿದದ್ದು ನಾಯಿಯದ್ದು."

ಎಸ್‌ಐ ರಾಣಿಯನ್ನು ನೋಡಿದರು. ಆಮೇಲೆ ಫೋನ್ ತೆಗೆದು ಫೋಟೊ ಹೊಡೆದರು.

ಚೀಲ ತೂಗುಹಾಕಲು ಕಂಬವಿರಲಿಲ್ಲ. ನಾನು ಕೈಯೆತ್ತಿ ಹಿಡಿದು ನಿಂತೆ. ಅಕ್ಕ ನೆಲದಲ್ಲಿ ಕೂತು ರಾಣಿಯ ತಲೆಯನ್ನು ತೊಡೆಗೆಳೆದುಕೊಂಡರು. ನಳಿಕೆಯಲ್ಲಿ ಕೆಂಪು ಇಳಿಯತೊಡಗಿತು.

ಜೀಪು ಹತ್ತುತ್ತಿದ್ದ ಜ್ಯೋತ್ಸ್ನಾ ತಿರುಗಿ ನಿಂತರು. ಚೀಲವನ್ನು ನೋಡಿದರು. ಒಂದು ಕ್ಷಣ ಆ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಅಷ್ಟು ಜೋರಾಗಿ ಬಿಡಬೇಡಿ ಡಾಕ್ಟ್ರೇ. ಐಸಿನಿಂದ ತೆಗೆದದ್ದು. ಹೃದಯ ನಿಂತುಹೋಗ್ತದೆ."

ಡಾಕ್ಟರ್ ಕ್ಷಮಾ ನಳಿಕೆಯ ಕೀಲಿಯತ್ತ ನೋಡಿದರು. ಅದನ್ನು ಬಿಗಿಮಾಡಿದರು. ಹನಿ ನಿಧಾನವಾಯಿತು.

ಅವಳು ಹೇಳಿದ್ದು ಸರಿಯಾಗಿತ್ತು. ನಾಯಿ ಯಾವಾಗ ಸಾಯುತ್ತದೆಂದು ಅವಳಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.