ಹೂಂ ಅಂದವರು ಯಾರು?

"ಅಯ್ಯೋ! ಬಾಗಿಲು ಹಾಕ್ಬೇಡಿ!"

ಅವಳು ಜೋರಾಗಿಯೇ ಕಿರುಚಿದಳು. ಆದರೆ ಆ ಕೂಗು ಒಂದು ಗೇಣು ದೂರವೂ ಹೋಗಲಿಲ್ಲ. ಗೋಡೆಗಳು ಅದನ್ನು ಅಲ್ಲೇ ನುಂಗಿಬಿಟ್ಟವು.

ಹೊರಗೆ ಉರಿಯುವ ಮಧ್ಯಾಹ್ನ. ಒಳಗೆ ಹೊರಗಿನ ಬೆಳಕೇ ಬಾರದ ಪುಟ್ಟ ಕೋಣೆ, ನೆಲದಿಂದ ಸೂರಿನವರೆಗೂ ಅಂಟಿಸಿದ ದಪ್ಪ ಕಪ್ಪು ಸ್ಪಂಜು. ಅವಳು ಕಾಲಿಟ್ಟ ಕೂಡಲೇ ಬಾಗಿಲು ತಾನಾಗಿ ಮುಚ್ಚಿಕೊಂಡಿತ್ತು. ಆ ಕತ್ತಲಲ್ಲಿ ಯಾರೋ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಚಪ್ಪಾಳೆ... ಮೌನ. ಮತ್ತೊಂದು... ಮತ್ತೆ ಮೌನ.

ದೀಪ ಹತ್ತಿತು. ಎದುರಿಗೆ ತೆಳ್ಳಗಿನ ಯುವಕನೊಬ್ಬ, ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡು ಪೆಚ್ಚಾಗಿ ನಿಂತಿದ್ದ.

"ಕತ್ತಲಲ್ಲಿ ನಿಂತ್ಕೊಂಡು ಚಪ್ಪಾಳೆ ತಟ್ತಿದ್ದೀರಲ್ಲ, ತಲೆಗಿಲೆ ಕೆಟ್ಟಿದೆಯೇನ್ರೀ?"

"ಕೋಣೆ ಪರೀಕ್ಷೆ ಮಾಡ್ತಿದ್ದೆ. ಇಲ್ಲಿ ಸದ್ದು ತಿರುಗಿ ಬರಬಾರದು. ಹೋದ ಸದ್ದು ಹೋಗಿಯೇಬಿಡಬೇಕು."

ಅಷ್ಟೇ ಹೇಳಿ ಅವನು ಹೊರಗೆ ನಡೆದ. ಎಲ್ಲರೂ ಅವನನ್ನು ಕರೆಯುವುದು 'ಮೌನಿ' ಎಂದಂತೆ. ಪುಸ್ತಕಗಳನ್ನು ಓದಿಸಿ ಧ್ವನಿ ಮುದ್ರಿಸುವ ಆ ಸ್ಟುಡಿಯೋದಲ್ಲಿ, ಕೋಣೆಯ ಒಂದು ಗೋಡೆಯಲ್ಲಿದ್ದ ಗಾಜಿನ ಆಚೆ ಕುಳಿತು ರೆಕಾರ್ಡಿಂಗ್ ಮಾಡುವುದು ಅವನ ಕೆಲಸ. ಗಾಜಿನ ಈಚೆ, ಮೈಕಿನ ಮುಂದೆ ಕುಳಿತು ಓದುವುದು ಇನ್ನು ಮುಂದೆ ಇವಳ ಕೆಲಸ.

ಇವಳಿಗೂ ಒಂದು ಅಡ್ಡಹೆಸರಿತ್ತು. ಮಾತು ನಿಲ್ಲಿಸದ ಮಗಳನ್ನು ಅಪ್ಪ 'ಗಿಣಿ' ಎಂದು ಕರೆಯುತ್ತಿದ್ದರು. ಗಿಣಿಯೂ ಮೌನಿಯೂ ಒಂದೇ ಕಡೆ ಸೇರಿದರೆ ಏನಾಗಬೇಕೋ ಅದು ಆಗಿಯೇ ಆಯಿತು ಅನ್ನಿ. ಆದರೆ ಅದಕ್ಕೆ ಮೊದಲು ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವಳಿಗೆ ಕೊಟ್ಟ ಪುಸ್ತಕ ಭಯದ ಸಣ್ಣಕತೆಗಳ ಸಂಕಲನ. ದೆವ್ವ ಕುಣಿದು ಕೂಗಾಡುವ ಕತೆಗಳಲ್ಲ. ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂರುವ ಕತೆಗಳು. ಮೊದಲನೆಯ ಕತೆಯಲ್ಲಿ ವೈದ್ಯನೊಬ್ಬನ ಹಜಾರದಲ್ಲಿ ಒಂದು ಕುರ್ಚಿ. ಅದರಲ್ಲಿ ಯಾರೂ ಕೂರುವುದಿಲ್ಲ. ಆದರೂ ಯಾರು ಯಾವಾಗ ಮುಟ್ಟಿದರೂ ಅದು ಬೆಚ್ಚಗಿರುತ್ತದೆ!

ಅವಳು ಓದತೊಡಗಿದಳು. "ವೈದ್ಯ ಆ ಕುರ್ಚಿಯ ಮೇಲೆ ಅಂಗೈ ಊರಿದ. ಆಗತಾನೆ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು..."

ಒಂದು ಕ್ಷಣ ನಿಲ್ಲಿಸಿದಳು.

*ಹೂಂ.*

ಕಿವಿಯ ತೀರಾ ಹತ್ತಿರ, ಮೃದುವಾಗಿ, ಕತೆ ಕೇಳುತ್ತಿರುವವರು ಹೂಂಗುಟ್ಟಿದ ಹಾಗೆ! ಕೋಣೆಯಲ್ಲಿ ಅವಳೊಬ್ಬಳೇ. ಗಾಜಿನ ಆಚೆ ಮೌನಿ ತಲೆ ತಗ್ಗಿಸಿ ಕುಳಿತಿದ್ದ.

ಭ್ರಮೆ ಇರಬೇಕು... ಇನ್ನೊಂದು ಪುಟ ಓದಿದಳು.

*ಹೂಂ.*

ಹೆಡ್‌ಫೋನ್ ಕಿತ್ತೆಸೆದು ಹೊರಗೋಡಿದಳು. "ಏನ್ರೀ, ಹೆದರಿಸ್ತೀರಾ ನನ್ನ? ಹೊಸಬಳು ಅಂತ ತಮಾಷೆನಾ?"

ಅವನು ಗಾಬರಿಯಿಂದ ಎದ್ದು ನಿಂತ. "ನಾನು ಬಾಯೇ ತೆರೆದಿಲ್ಲ!"

"ಹಾಗಾದ್ರೆ ರೆಕಾರ್ಡ್ ಮಾಡಿದ್ದನ್ನ ಹಾಕಿ, ಕೇಳೋಣ."

ಹಾಕಿದ. ಅವಳ ದನಿ, ಆಮೇಲೆ ಮೌನ, ಆ ಮೌನದ ತಳದಲ್ಲಿ... *ಹೂಂ.* ಮೌನಿಯ ಮುಖ ಬಿಳಿಚಿಕೊಂಡಿತು. ಅವನು ನಟಿಸುತ್ತಿಲ್ಲ ಎಂಬುದು ಅವಳಿಗೂ ತಿಳಿಯಿತು. ಅದು ಇನ್ನೂ ಭಯಂಕರವಾಗಿತ್ತು.

ಆ ಸಂಜೆ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಹೆದರಿಕೆಯಿಂದ ಅಲ್ಲ... ಬೇರೊಂದು ಯೋಚನೆ ಮನಸ್ಸನ್ನು ಹಿಡಿದಿತ್ತು.

ಅಪ್ಪನ ಕಣ್ಣು ಮಂಜಾದ ಮೇಲೆ ಅವರಿಗೆ ದಿನವೂ ಕತೆ ಓದಿ ಹೇಳುತ್ತಿದ್ದವಳು ಅವಳೇ. ಪ್ರತಿ ವಾಕ್ಯದ ಕೊನೆಗೆ ಅಪ್ಪ ಹೂಂ ಅನ್ನಬೇಕು, ಅನ್ನದಿದ್ದರೆ ಇವಳು ಮುಂದೆ ಓದುವುದಿಲ್ಲ. ಅದು ಅಪ್ಪ ಮಗಳ ಕರಾರು. ಒಂದು ಮಧ್ಯಾಹ್ನ ಕತೆಯ ನಡುವೆ ಹೂಂ ಬರಲಿಲ್ಲ. ಮತ್ತೆಂದೂ ಬರಲೇ ಇಲ್ಲ. ಆ ಕತೆ ಅರ್ಧಕ್ಕೇ ನಿಂತುಹೋಯಿತು.

ಅಂದಿನಿಂದ ಅವಳು ಯಾರ ಮುಂದೆಯೂ ಓದಲಾರಳು. ಈ ಕೆಲಸ ಒಪ್ಪಿಕೊಂಡದ್ದೂ ಅದಕ್ಕೇ. ಮೈಕಿಗೆ ಓದಿದರೆ ಯಾರೂ ಹೂಂಗುಟ್ಟುವುದಿಲ್ಲವಲ್ಲ!

'ಅಪ್ಪಾ... ನೀನೇನಾ?'

ಮಾರನೆಯ ದಿನ ಅವಳು ಎಲ್ಲರಿಗಿಂತ ಮೊದಲು ಸ್ಟುಡಿಯೋದಲ್ಲಿದ್ದಳು. ನಡುಗುವ ದನಿಯಲ್ಲಿ ಎರಡನೆಯ ಕತೆ ಓದಿದಳು. ಛಾಯಾಗ್ರಾಹಕನೊಬ್ಬ ತೆಗೆದ ಪ್ರತಿ ಮದುವೆ ಫೋಟೋದಲ್ಲೂ ವಧುವಿನ ಹೆಗಲ ಮೇಲೆ ಲೆಕ್ಕಕ್ಕಿಂತ ಒಂದು ಕೈ ಹೆಚ್ಚಾಗಿ ಕಾಣುತ್ತಿತ್ತು...

*ಹೂಂ.*

ಕಣ್ಣು ತುಂಬಿ ಬಂತು. ಆದರೆ ದನಿ ಗಟ್ಟಿಯಾಯಿತು. ಅವಳು ಅಷ್ಟು ಚೆನ್ನಾಗಿ ಓದಿ ಎಷ್ಟೋ ಕಾಲವಾಗಿತ್ತು.

ಹೊರಗೆ ಬಂದಾಗ ಮೌನಿ ಏನೋ ಹೇಳಲು ಬಾಯಿ ತೆರೆದ. "ಆ ಸದ್ದು... ಅದನ್ನ ತೆಗೀಬೇಕು. ಯಾಕೆ ಬರ್ತಿದೆ ಅಂತ ನಂಗೆ..."

"ತೆಗೀಬೇಡಿ!" ಅವಳು ಅವನ ತೋಳು ಹಿಡಿದುಕೊಂಡೇಬಿಟ್ಟಳು. "ಅದು ನಮ್ಮಪ್ಪ. ನಗ್ಬೇಡಿ ದಯವಿಟ್ಟು. ನಂಗೊತ್ತು, ಅದು ನಮ್ಮಪ್ಪನೇ."

ಅವನು ನಗಲಿಲ್ಲ. ಅವಳು ಓದುತ್ತಿದ್ದಾಗಲೇ ಅವನಿಗೆ ಕಾರಣ ಸಿಕ್ಕಿತ್ತು. ಆಚೆಯಿಂದ ಒಳಗಿನವರ ಜೊತೆ ಮಾತಾಡಲು ಒತ್ತುವ ಬಟನ್ ಕಚ್ಚಿಕೊಂಡು ಸದಾ ಚಾಲೂ ಆಗಿಯೇ ಇತ್ತು; ಆಚೆಯ ಸದ್ದು ಅವಳ ಹೆಡ್‌ಫೋನಿಗೂ ಅಲ್ಲಿಂದ ಮೈಕಿಗೂ ಹೋಗುತ್ತಿತ್ತು. ಹೂಂಗುಟ್ಟುತ್ತಿದ್ದವನು ಅವನೇ, ತನಗೇ ಅರಿವಿಲ್ಲದೆ! ಹೂಂ ಅನ್ನಲು ಬಾಯಿ ತೆರೆಯಬೇಕಾಗಿಲ್ಲವಲ್ಲ. ತನ್ನ ದನಿ ತನಗೇ ಗುರುತು ಸಿಕ್ಕಿರಲಿಲ್ಲ.

ಆದರೆ ಆ ಕಣ್ಣುಗಳನ್ನು ನೋಡಿದ ಮೇಲೆ, 'ಅದು ನಿಮ್ಮಪ್ಪ ಅಲ್ಲ' ಎಂದು ಹೇಳುವುದಾದರೂ ಹೇಗೆ? ಮಾತು ಗಂಟಲಲ್ಲೇ ಉಳಿಯಿತು. ಬಟನ್ನೂ ಹಾಗೆಯೇ ಉಳಿಯಿತು.

ಅಲ್ಲಿಂದ ಮುಂದೆ ದಿನಗಳು ಹಕ್ಕಿಯ ಹಾಗೆ ಹಾರಿದವು. ಓದು ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವಳು ಅಪ್ಪನ ಬಗ್ಗೆ ಹೇಳುತ್ತಲೇ ಇರುತ್ತಿದ್ದಳು, ಅವನು ಕೇಳುತ್ತಲೇ ಇರುತ್ತಿದ್ದ. ಅವಳ ಮುಂದೆ ಮಾತ್ರ ತುಟಿ ಕಚ್ಚಿ ಹಿಡಿದು, ತಪ್ಪಿಯೂ ಹೂಂ ಅನ್ನುತ್ತಿರಲಿಲ್ಲ.

"ನೀವು ಕೇಳ್ತಿದ್ದೀರೋ ನಿದ್ದೆ ಮಾಡ್ತಿದ್ದೀರೋ ಗೊತ್ತೇ ಆಗಲ್ಲ ಕಣ್ರೀ!" ಎಂದು ಅವಳು ಛೇಡಿಸಿದರೆ ಅವನು ನಕ್ಕು ಸುಮ್ಮನಾಗುತ್ತಿದ್ದ.

ಅವಳಿಗೆ ಅವನ ಮೇಲೆ ಮನಸ್ಸಾಗಿದೆ ಎಂಬುದು ಅವಳಮ್ಮನಿಗೂ ಗೊತ್ತಾಗಿತ್ತು. ಗೊತ್ತಾಗದೇ ಇದ್ದದ್ದು ಆ ಪುಣ್ಯಾತ್ಮನಿಗೆ ಮಾತ್ರ.

ಇನ್ನು ಒಂದೇ ಕತೆ ಬಾಕಿ ಎನ್ನುವಾಗ ಸ್ಟುಡಿಯೋದ ಯಜಮಾನಿ ಬಂದರು. ಕೆಲಸದಲ್ಲಿ ಖಡಕ್ಕು, ಮಾತಿನಲ್ಲಿ ಇನ್ನೂ ಖಡಕ್ಕು. ಮುದ್ರಿಸಿದ್ದನ್ನು ಸ್ವಲ್ಪ ಕೇಳಿ ಹುಬ್ಬು ಗಂಟಿಕ್ಕಿದರು.

"ಏನೋ ಇದು, ನಡುನಡುವೆ ಹೂಂ ಹೂಂ ಅಂತ? ಏ ಮೌನಿ, ಇದು ನಿನ್ನ ದನಿ ಅಲ್ವೇನೋ! ಆ ಬಟನ್ ಕಚ್ಕೊಂಡಿದೆ ಅಂತ ನೀನೇ ಹೇಳಿದ್ಯಲ್ಲ, ಇನ್ನೂ ಸರಿ ಮಾಡ್ಸಿಲ್ವಾ?"

ಬಾಗಿಲ ಬಳಿ ಅವಳು ನಿಂತಿದ್ದಳು. ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು.

"ನಿಮಗೆ... ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ.

"ಹೂಂ."

ಅದೇ ದನಿ! ಅದೇ ಮೆದುತನ, ಅದೇ ಇಳಿತ! ಇಷ್ಟು ದಿನ ಕಿವಿಯಲ್ಲಿ ಜೋಪಾನ ಮಾಡಿಟ್ಟುಕೊಂಡಿದ್ದ ಅಪ್ಪ ಅವಳ ಕಣ್ಣೆದುರೇ ಇನ್ನೊಮ್ಮೆ ಸತ್ತುಹೋದರು.

"ನಾನು ನಿಮಗೆ ಎಲ್ಲಾ ಹೇಳಿದ್ದೆ... ಎಲ್ಲಾ! ಆದ್ರೂ ದಿನಾ ಆ ಗಾಜಿನ ಆಚೆ ಕೂತು ನಮ್ಮಪ್ಪನ ಹಾಗೆ ನಟಿಸಿದ್ರಲ್ಲಾ!"

"ನಟಿಸಿಲ್ಲ, ನಾನು..."

ಮುಂದಿನ ಮಾತು ಕೇಳಲು ಅವಳು ಅಲ್ಲಿರಲಿಲ್ಲ.

ಎರಡು ದಿನ ಅವಳು ಕೋಣೆ ಬಿಟ್ಟು ಹೊರಬರಲಿಲ್ಲ. ಗಿಣಿಯ ಮನೆಯಲ್ಲಿ ಮಾತಿಲ್ಲ ಎಂದರೆ ಗೋಡೆಗಳಿಗೂ ಗಾಬರಿಯಾಗುತ್ತದೆ. ಅಮ್ಮ ಪಕ್ಕದಲ್ಲಿ ಬಂದು ಕೂತರು. ಎಲ್ಲ ಕೇಳಿದರು.

"ಗಿಣೀ, ನಿಮ್ಮಪ್ಪ ನಾನು ಹೇಳಿದ್ದಕ್ಕೆ ಒಂದಕ್ಕಾದ್ರೂ ಹೂಂ ಅಂದಿದ್ದು ನೋಡಿದ್ಯಾ? ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋರು. ನೀನು ಓದೋವಾಗ ಮಾತ್ರ ಮೈಯೆಲ್ಲಾ ಕಿವಿ."

"ಈಗ್ಯಾಕಮ್ಮ ಅದು?"

"ಮನಸ್ಸಿಟ್ಟು ಕೇಳ್ದೇ ಇದ್ರೆ ಸರಿಯಾದ ಜಾಗದಲ್ಲಿ ಹೂಂ ಬರಲ್ಲ ಕಣೇ. ಬಟನ್ ಕೆಟ್ಟಿರ್ಬಹುದು. ಆ ಹುಡುಗನ ಕಿವಿ ಕೆಟ್ಟಿರ್ಲಿಲ್ಲ."

ಅವಳು ಬಹಳ ಹೊತ್ತು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು.

ಮಾರನೆಯ ದಿನ ಸ್ಟುಡಿಯೋದಲ್ಲಿ ಅವನೊಬ್ಬನೇ ಇದ್ದ. ಹಳೆಯ ಬಟನ್ ತೆಗೆದು ಹೊಸದು ಹಾಕಿದ್ದ. ಅವಳು ಮಾತಾಡದೆ ಒಳಗೆ ಹೋಗಿ ಕೊನೆಯ ಕತೆ ತೆರೆದಳು. ಒಂಟಿ ಹೆಂಗಸೊಬ್ಬಳು ದಿನವೂ ಖಾಲಿ ಮನೆಯೊಳಗೆ ನಿಂತು 'ಇದ್ದೀಯಾ?' ಎಂದು ಕರೆಯುತ್ತಾಳೆ. ಒಂದು ದಿನ ಮನೆ ಓಗೊಡುತ್ತದೆ...

ಮೊದಲ ಸಾಲು ಓದಿ ನಿಲ್ಲಿಸಿದಳು. ಕಿವಿಯಲ್ಲಿ ಬರೀ ಮೌನ. ಎರಡನೆಯ ಸಾಲಿಗೆ ದನಿಯೇ ಹೊರಡಲಿಲ್ಲ. ಗಾಜಿನ ಕಡೆ ನೋಡಿದಳು.

"ಒಳಗೆ ಬನ್ನಿ."

ಅವನು ರೆಕಾರ್ಡಿಂಗ್ ಓಡುತ್ತಿರಲೆಂದು ಬಿಟ್ಟು, ಎದ್ದು ಬಂದು ಎದುರಿನ ಸ್ಟೂಲಿನ ಮೇಲೆ ಕುಳಿತ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪನ್ನ ನಿಮ್ಮಿಂದ ಕಿತ್ಕೊಂಡ ಹಾಗಾಗ್ತಿತ್ತು. ಹೇಳ್ದೇ ಇದ್ದಿದ್ದೂ ತಪ್ಪೇ." ಅವನು ಅಷ್ಟು ಉದ್ದ ಮಾತಾಡಿದ್ದು ಅವಳು ಕೇಳಿಯೇ ಇರಲಿಲ್ಲ. "ನನ್ನ ಕೆಲಸ ಕತೆ ಕೇಳೋದಲ್ಲ ರೀ. ಕೆಮ್ಮು, ಉಸಿರು, ಪುಟ ತಿರುಗಿಸೋ ಸದ್ದು... ಅದನ್ನ ಹುಡುಕೋದು. ಎಷ್ಟೋ ಪುಸ್ತಕ ಮುಗಿಸಿದ್ದೀನಿ, ಒಂದು ಕತೇನೂ ನೆನಪಿಲ್ಲ. ನೀವು ಓದಿದಾಗ ಮೊದಲನೇ ಸಲ ಕತೆ ಕೇಳಿಸ್ತು. ಹೂಂ ಅಂದಿದ್ದು ನಂಗೇ ಗೊತ್ತಾಗ್ಲಿಲ್ಲ. ಆಮೇಲೆ ಗೊತ್ತಿದ್ರೂ ತಡ್ಕೊಳ್ಳಕ್ಕಾಗ್ಲಿಲ್ಲ."

ಅವಳು ಕಣ್ಣೊರೆಸಿಕೊಂಡು ಪುಸ್ತಕ ಎತ್ತಿಕೊಂಡಳು.

"ನಾನು ಓದ್ತೀನಿ. ನೀವು ಹೂಂ ಅನ್ನಿ. ಇಲ್ಲದಿದ್ರೆ ಮುಂದೆ ಓದಲ್ಲ."

ಓದಿದಳು. ಅವನು ಹೂಂಗುಟ್ಟಿದ. ಒಂದು ಗಂಟೆಗೂ ಮೀರಿ ಆ ಕಪ್ಪು ಕೋಣೆಯಲ್ಲಿ ಅವರಿಬ್ಬರೇ, ನಡುವೆ ಆ ಭಯದ ಕತೆ. ಅರ್ಧಕ್ಕೆ ನಿಲ್ಲಿಸದೆ, ಯಾರೋ ಒಬ್ಬರ ಮುಂದೆ ಅವಳು ಕೊನೆಗೂ ಒಂದು ಕತೆ ಮುಗಿಸಿದಳು.

ಗಾಜಿನ ಆಚೆಗೆ ಬಂದು, ನಿಂತುಕೊಂಡೇ ಮುದ್ರಿಸಿದ್ದರ ಕೊನೆಯ ಸಾಲು ಹಾಕಿ ಕೇಳಿದರು.

"ಅವಳು ಖಾಲಿ ಮನೆಯೊಳಗೆ ನಿಂತು ಕರೆದಳು... 'ಇದ್ದೀಯಾ?'"

*ಹೂಂ.* ಅದು ಮೌನಿಯದು.

ಆಮೇಲೆ ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ಸ್ವಲ್ಪ ದೂರದಿಂದ, ವಯಸ್ಸಾದ ದನಿಯಲ್ಲಿ, ಸಮಾಧಾನದಿಂದ...

*ಹೂಂ.*

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊರಬಾಗಿಲು ಹಾಕಿತ್ತು. ಅವರಿಬ್ಬರೂ ಒಳಗಿದ್ದಾಗ ಹೊಸ ಬಟನ್ ಒತ್ತುವವರು ಇಲ್ಲಿ ಯಾರೂ ಇರಲಿಲ್ಲ. ಮೌನಿಯ ಕುರ್ಚಿ ಮಾತ್ರ ಗಾಜಿನ ಕಡೆಗೆ ಮುಖ ಮಾಡಿ ನಿಂತಿತ್ತು.

ಅವಳು ಮೆಲ್ಲಗೆ ಹೋಗಿ ಅದರ ಮೇಲೆ ಅಂಗೈ ಊರಿದಳು.

"ಬೆಚ್ಚಗಿದೆ..."

"ನಾನು ಎದ್ದು ಗಂಟೆ ಮೇಲಾಯ್ತು," ಎಂದ ಅವನು. "ಆ ಕೊನೇ ಹೂಂನ... ತೆಗೆದುಬಿಡ್ಲಾ?"

"ಬೇಡ, ಇರ್ಲಿ." ಅವಳು ಅಳುತ್ತಲೇ ನಕ್ಕಳು. "ಕತೆ ಪೂರ್ತಿ ಕೇಳ್ಬೇಕು ಅಂತಿತ್ತೇನೋ ಅಪ್ಪಂಗೆ."

ಅವನು ಅವಳ ಕೈ ಹಿಡಿದ. ಇಬ್ಬರ ಕೈಯೂ ತಣ್ಣಗಿತ್ತು, ಇಬ್ಬರೂ ಬಿಡಲಿಲ್ಲ.

"ನಂಗೆ ಮಾತು ಬರಲ್ಲ. ಕೇಳೋಕೆ ಮಾತ್ರ ಬರತ್ತೆ. ಜೀವನ ಪೂರ್ತಿ ನೀವು ಹೇಳೋದನ್ನ ಕೇಳ್ತಾ ಕೂರ್ಬೇಕು ಅಂತ ಆಸೆ... ನನ್ನ ಮದುವೆ ಆಗ್ತೀರಾ?"

ಅವಳು ಅವನ ಭುಜಕ್ಕೆ ಮುಖ ಆನಿಸಿದಳು.

"ಹೂಂ."

ಅವನು ತಟ್ಟನೆ ಕುರ್ಚಿಯ ಕಡೆ ನೋಡಿದ. ಆಮೇಲೆ ಅವಳ ಕಡೆ.

"ಈಗ ಹೂಂ ಅಂದಿದ್ದು... ನೀವೇ ತಾನೇ?"

"ನಾನೇ ಕಣೋ, ಮೌನಿ!"