ಫ್ಲಾಸ್ಕಿನ ಹಾಲು

"ಅಲ್ಲೇ ನಿಂತ್ಕೊಳ್ಳಿ. ಒಳಗೆ ಬರ್ಬೇಡಿ."

ಶಿರೀಷಾ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟಳು. ರಮೇಶ್‌ಬಾಬು ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಸಾದಲಿಯ ಆ ಮನೆಗೆ ಅವಳು ಅಣ್ಣ ಮೋಹನ್‌ಬಾಬು ಜೊತೆ ಸಂಬಂಧ ನೋಡಲು ಬಂದಿದ್ದಳು. ಇಬ್ಬರಿಗೂ ಎರಡನೇ ಮದುವೆ. ಹಾಗಾಗಿ ಯಾರು ಯಾರ ಮನೆಗೆ ಹೋಗಬೇಕು ಎಂಬ ಶಾಸ್ತ್ರವನ್ನು ಯಾರೂ ಹಿಡಿದು ಕೂತಿರಲಿಲ್ಲ. ದೊಡ್ಡವರು ಕಾಫಿ ಕುಡಿಯುತ್ತಿದ್ದಾಗ ಅವಳು ಹಿತ್ತಲಿಗೆ ಬಂದಳು. ಹುಳದ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ರೇಷ್ಮೆಹುಳಗಳು ಸೊಪ್ಪು ಮೇಯುವ ಸರಸರ ಸದ್ದು. ಕೆಂಚಾರ್ಲಹಳ್ಳಿಯ ತವರಿನಲ್ಲಿ ಹುಳ ಸಾಕುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆ ಸದ್ದಿಗೆ ಕಾಲು ತಾನಾಗಿಯೇ ನಡೆದಿತ್ತು.

ಅವಳ ಮುಖ ಬಿಸಿಯಾಯಿತು.

'ಮೊದಲ ಮನೆಯವರು ಮಕ್ಕಳಾಗಲಿಲ್ಲ ಅಂತ ಹೊಸ್ತಿಲಾಚೆ ಕಳಿಸಿದರು. ಇವರು ಹೊಸ್ತಿಲನ್ನೇ ದಾಟಲು ಬಿಡುವುದಿಲ್ಲ...'

ಅಷ್ಟರಲ್ಲಿ ಅವನು ಚೊಂಬು ಹಿಡಿದು ಹೊರಗೆ ಬಂದ. "ಹೊರಗಿನ ಧೂಳು ಹುಳಕ್ಕೆ ಆಗಲ್ಲ. ಒಂದಕ್ಕೆ ರೋಗ ಬಂದ್ರೆ ಎಲ್ಲಾದಕ್ಕೂ ಬರುತ್ತೆ. ಕಾಲು ಮುಂದಿಡಿ" ಎಂದು ಕುಕ್ಕರಗಾಲಲ್ಲಿ ಕೂತು ತಾನೇ ನೀರು ಹುಯ್ದ. ಬ್ಲೀಚಿಂಗ್ ಪುಡಿ ಬೆರೆಸಿದ ನೀರಿನ ತಟ್ಟೆಯಲ್ಲಿ ಕಾಲಿಡಿಸಿದ. ಆಮೇಲೆ, ಒದ್ದೆ ನೆಲದಲ್ಲಿ ಅವಳು ಜಾರದಿರಲಿ ಎಂದು ಹೆಗಲ ಟವಲನ್ನೇ ತೆಗೆದು ಹಾಸಿದ. ಅಷ್ಟೂ ಹೊತ್ತು ಅವನ ಕಣ್ಣು ಅವಳ ಪಾದದಿಂದ ಮೇಲೆ ಏಳಲಿಲ್ಲ.

ಅವಳು ಮದುವೆಗೆ ಒಪ್ಪಿದ್ದು ಆ ಟವಲಿಗೆ. ಅಣ್ಣನಿಗೆ ಹೇಳಿದ ಕಾರಣ ಬೇರೆ.

*

ಮದುವೆಯಾಗಿ ಬಂದ ದಿನ ಅತ್ತೆ ಶ್ಯಾಮಲಮ್ಮ ಮಗುವನ್ನು ತಂದು ಅವಳ ಮಡಿಲಿಗೆ ಹಾಕಿದರು. ಮೋಕ್ಷಿತಾ, ಎಳೆಗೂಸು. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಅಂದಿನಿಂದ ಮಗುವಿಗೆ ಡಬ್ಬದ ಹಾಲಿನ ಪುಡಿಯೇ ಗತಿ.

ಮಗು ಅವಳ ಕಿರುಬೆರಳು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಶಿರೀಷಾಳಿಗೆ ಮನಸ್ಸಾಗದೆ, ಊಟದ ಎಲೆಯ ಮುಂದೆ ಎಡಗೈಯನ್ನು ಹಾಗೇ ಕೊಟ್ಟು ಕೂತಳು.

ಸಂಜೆ ಶ್ಯಾಮಲಮ್ಮ ಅವಳ ಕೈಗೆ ಒಂದು ಕೆಂಪು ಫ್ಲಾಸ್ಕ್ ಕೊಟ್ಟರು. ಹುಳ ದೊಡ್ಡದಾದ ಮೇಲೆ ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಅದಕ್ಕೆಂದು ಆ ಸೀಮೆಯ ಮನೆಗಳಲ್ಲಿ ಸಂಜೆಯೇ ಕಾಫಿ ಮಾಡಿ ಫ್ಲಾಸ್ಕಿಗೆ ತುಂಬಿಡುವುದು ರೂಢಿ. ಅದೇ ರೂಢಿಯಲ್ಲಿ ಶ್ಯಾಮಲಮ್ಮ ಮೊಮ್ಮಗಳಿಗೂ ಒಂದು ಫ್ಲಾಸ್ಕ್ ಮಾಡಿದ್ದರು.

"ಸಂಜೇನೇ ಪುಡಿ ಕಲಸಿ ಇದಕ್ಕೆ ಹುಯ್ದಿಟ್ಬಿಡಮ್ಮಾ. ನಮ್ಮ ತಲ್ಲಿ, ಈ ಕೂಸು, ರಾತ್ರಿ ಅತ್ರೆ ಒಲೆ ಹಚ್ಚಂಗಿಲ್ಲ, ಕಾಯಿಸಂಗಿಲ್ಲ. ಬೆಳಗಾಗೋಗಂಟ ಬೆಚ್ಚಗಿರ್ತದೆ. ನಾನು ಹಿಂಗೇ ಬದುಕಿಸಿಕೊಂಡೆ ಇದನ್ನ."

ಶಿರೀಷಾ ಅದನ್ನು ಮನೆಯ ಬೀಗದ ಕೈಗಿಂತ ಹೆಚ್ಚು ಎಂಬಂತೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಆದರೆ ರಾತ್ರಿ ಹಾಲು ಕೊಡುವ ಭಾಗ್ಯ ಅವಳಿಗೆ ಬರಲೇ ಇಲ್ಲ. ಮೊದಲ ದಿನವೇ ರಮೇಶ್‌ಬಾಬು, ಹೇಗೂ ತಾನು ಸೊಪ್ಪು ಹಾಕಲು ಏಳುತ್ತೇನೆ, ಪಾಪುವಿಗೂ ತಾನೇ ಕೊಡುತ್ತೇನೆ, ಅವಳು ನಿದ್ದೆ ಕೆಡಿಸಿಕೊಳ್ಳುವುದು ಬೇಡ ಎಂದ. ಎಂಥ ಒಳ್ಳೆಯ ಮನಸ್ಸು ಎಂದುಕೊಂಡಳು ಅವಳು. ಬೆಳಗ್ಗೆ ಎದ್ದರೆ ಫ್ಲಾಸ್ಕ್ ತೊಳೆದು ಬೋರಲು ಹಾಕಿರುತ್ತಿತ್ತು. ಅದನ್ನು ನೋಡಿಯೇ ಅವಳಿಗೆ ಸಂತೋಷ. ತಾನು ಕಲಸಿದ್ದನ್ನು ಕಂದ ಪೂರ್ತಿ ಕುಡಿದಿದೆ!

ಒಂದು ದಿನ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಎದ್ದು ಹೋಗಿ ನೋಡಿದಳು.

ರಮೇಶ್‌ಬಾಬು ಹಿತ್ತಲ ಬಾಗಿಲಲ್ಲಿ ಬಗ್ಗಿ, ಅವಳು ಕಲಸಿಟ್ಟಿದ್ದ ಹಾಲನ್ನು ಕರಿಬೇವಿನ ಬುಡಕ್ಕೆ ಹುಯ್ಯುತ್ತಿದ್ದ. ಅಷ್ಟನ್ನೂ. ಒಂದು ಹನಿ ಬಿಡದೆ. ಆಮೇಲೆ ಫ್ಲಾಸ್ಕ್ ತೊಳೆದು, ಬೇರೆ ನೀರು ಕುದಿಸಿ, ಬೇರೆ ಹಾಲು ಕಲಸತೊಡಗಿದ. ನಡುನಡುವೆ, ಯಾರಾದರೂ ಬಂದಾರೇನೋ ಎಂದು ಕಳ್ಳನ ಹಾಗೆ ಬಾಗಿಲ ಕಡೆ ನೋಡುತ್ತಿದ್ದ.

ಶಿರೀಷಾ ಸದ್ದಿಲ್ಲದೆ ಬಂದು ಮಲಗಿದಳು. ಹಲ್ಲು ಕಚ್ಚಿಕೊಂಡರೂ ಅಳು ನಿಲ್ಲಲಿಲ್ಲ.

'ನಾನು ಕಲಸಿದ ಹಾಲನ್ನು ಮಗಳಿಗೆ ಕುಡಿಸಲು ಇವರಿಗೆ ಭಯ... ಮಲತಾಯಿ ಕೈಯ ಹಾಲು...'

ಪಕ್ಕದ ಮನೆಯ ರಾಮಲಕ್ಷ್ಮಮ್ಮ ನಲ್ಲಿಯ ಹತ್ತಿರ ಯಾರಿಗೋ ಹೇಳುತ್ತಿದ್ದುದು ನೆನಪಾಯಿತು. "ಎಷ್ಟು ಎತ್ತಿ ಆಡಿಸಿದ್ರೂ ಹೆತ್ತೋಳಾಗ್ತಾಳಾ?" ಆಗ ಅವಳು ನಕ್ಕು ಮುಂದೆ ಬಂದಿದ್ದಳು. ಊರಿನ ಮಾತನ್ನು ನಗುತ್ತಾ ದಾಟಬಹುದು. ಗಂಡನ ಕೈಯೇ ಹಾಗೆ ಹೇಳಿದರೆ?

ಮರುದಿನ ಇನ್ನಷ್ಟು ಜೋಪಾನವಾಗಿ ಕಲಸಿದಳು. ಚಮಚದ ಮೇಲಿನ ಪುಡಿಯನ್ನು ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ, ನೀರನ್ನು ಬೆಳಕಿಗೆ ಹಿಡಿದು ಅಳೆದಳು. ಅದೂ ಕರಿಬೇವಿನ ಬುಡಕ್ಕೇ ಹೋಯಿತು.

ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ನೆಂಟರ ಹಾಗೆ ಓಡಾಡತೊಡಗಿದರು. ಅವನು ಶಿಡ್ಲಘಟ್ಟದಿಂದ ಮಲ್ಲಿಗೆ ತಂದ ದಿನ ಅವಳು ಅದನ್ನು ದೇವರ ಪಟಕ್ಕೆ ಹಾಕಿದಳು. ಅವನು ಅದನ್ನು ನೋಡಿ ಹುಳದ ಮನೆಗೆ ಹೊರಟುಹೋದ.

ಕೊನೆಗೆ ಅವಳು ಅಣ್ಣನಿಗೆ ಫೋನ್ ಮಾಡಿದಳು. ರೇಷ್ಮೆಗೂಡಿನ ಕೆಲಸ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗು, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಳು. ಮೋಹನ್‌ಬಾಬು ಎಷ್ಟು ದಿನ ಎಂದು ಎರಡೆರಡು ಸಲ ಕೇಳಿದ. ಹಿಂದೊಮ್ಮೆ ಮೊದಲ ಮನೆಯಿಂದಲೂ ಅವಳು ಇದೇ ದನಿಯಲ್ಲಿ ಸ್ವಲ್ಪ ದಿನ ಎಂದಿದ್ದಳು. ಮತ್ತೆ ಆ ಮನೆಗೆ ಹೋಗಿರಲಿಲ್ಲ.

*

ಗೂಡು ಬಿಡಿಸಿ ಆಯಿತು. ಬೆಳಗಿನ ಹರಾಜಿಗೆ ಜಾಗ ಹಿಡಿಯಲು ರಮೇಶ್‌ಬಾಬು ಸಂಜೆಯೇ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೊರಟ. ಗಾಡಿ ಸದ್ದು ಮಾಡುತ್ತಿದ್ದರೂ ಬಾಗಿಲಲ್ಲಿ ನಿಂತೇ ಇದ್ದ.

"ಶಿರೀಷಾ... ರಾತ್ರಿ ಪಾಪುಗೆ ಹಾಲು..."

"ಹಾಲು ಏನು?" ಅವಳ ದನಿ ಚುಚ್ಚುವಂತಿತ್ತು.

ಅವಳ ಹಿಂದೆ ಶ್ಯಾಮಲಮ್ಮ ಕೆಂಪು ಫ್ಲಾಸ್ಕನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದರು. ಅವನು ತಾಯಿಯನ್ನು ನೋಡಿದ. ಬಾಯಿಗೆ ಬಂದ ಮಾತು ಒಳಗೇ ಹೋಯಿತು.

"ಏನಿಲ್ಲ. ಬೇಗ ಬರ್ತೀನಿ."

'ಹೇಳಿಬಿಡಬಾರದಿತ್ತೇ, ನೀನು ಕೊಡಬೇಡ ಅಂತ!' ಅವಳ ಎದೆ ಉರಿಯಿತು. ಆಮೇಲೆ ಅವನ ಫೋನ್ ಬಂತು. ಮತ್ತೆ ಬಂತು. ಅವಳು ಎತ್ತಲಿಲ್ಲ.

ಮಗು ಅತ್ತಾಗ ಫ್ಲಾಸ್ಕಿನ ಹಾಲನ್ನು ಬಾಟಲಿಗೆ ಬಗ್ಗಿಸಿಕೊಂಡು ತಾನೇ ಕುಡಿಸಿದಳು. ಮಗು ಅವಳ ಮುಖವನ್ನೇ ನೋಡುತ್ತಾ ಕುಡಿಯಿತು. ಅವಳ ಬದುಕಿನ ಅತಿ ಸುಖದ ಗಳಿಗೆ ಅದು. ಕರೆದುಕೊಂಡು ಹೋಗಲು ಅಣ್ಣ ಬರುತ್ತಾನೆ ಎಂಬುದನ್ನೂ ಮರೆತಿದ್ದಳು.

ಬೆಳಗಾಗುವಷ್ಟರಲ್ಲಿ ಮಗು ಕಕ್ಕತೊಡಗಿತು. ಆಮೇಲೆ ಭೇದಿ. ಬಿಸಿಲೇರುವ ಹೊತ್ತಿಗೆ ಅಳುವ ಶಕ್ತಿಯೂ ಇಲ್ಲದೆ ಹೆಗಲ ಮೇಲೆ ಬಾಡಿ ಬಿತ್ತು. ಶಿರೀಷಾ ಚಪ್ಪಲಿ ಮೆಟ್ಟದೆ ಅತ್ತೆಯೊಂದಿಗೆ ಆಟೋ ಹತ್ತಿದಳು. ಆಟೋದವನು ಬಿಸಿಲು ಬೀಳುವ ಕಡೆಗೆ ತನ್ನ ಅಂಗಿಯನ್ನು ಪರದೆಯಂತೆ ಕಟ್ಟಿ, ಬನಿಯನ್ನಿನಲ್ಲೇ ಗಾಡಿ ಓಡಿಸಿದ.

ಆಸ್ಪತ್ರೆಯಲ್ಲಿ ಮಗುವಿನ ಪುಟ್ಟ ಕೈಗೆ ಸೂಜಿ ಚುಚ್ಚಿ ಸಲೈನ್ ಹಾಕಿದರು. ಶ್ಯಾಮಲಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಹೊರಗಿನ ಜಗಲಿಯಲ್ಲಿ ಕೂತರು.

ಡಾಕ್ಟರಮ್ಮ ಹಾಲು ಹೇಗೆ ಮಾಡುತ್ತೀರಿ ಎಂದು ಕೇಳಿದರು. ಶಿರೀಷಾ ಹೇಳಿದಳು. ಚಮಚ, ನೀರು, ಸಂಜೆ, ಫ್ಲಾಸ್ಕ್...

"ಫ್ಲಾಸ್ಕಿನಲ್ಲಿ ಕಲಸಿದ ಹಾಲು ಇಟ್ರಾ?" ಡಾಕ್ಟರಮ್ಮನ ಪೆನ್ನು ನಿಂತಿತು. "ಕಲಸಿದ ಹಾಲನ್ನ ಗಂಟೆಗಟ್ಟಲೆ ಬೆಚ್ಚಗೆ ಇಟ್ರೆ ಅದರಲ್ಲಿ ಕ್ರಿಮಿ ಬೆಳೆಯುತ್ತಮ್ಮ. ಹೋದ ಸಲಾನೂ ಈ ಮಗುಗೆ ಹೀಗೇ ಆಗಿತ್ತು. ಅವರಪ್ಪನ್ನ ಕೂರಿಸಿಕೊಂಡು ಎಲ್ಲಾ ಹೇಳಿದ್ದೆ. ನಿಮಗೆ ಹೇಳಲಿಲ್ವಾ ಅವರು?"

ಶಿರೀಷಾಳಿಗೆ ಒಂದೊಂದೇ ನೆನಪಾಯಿತು. ಕರಿಬೇವಿನ ಬುಡ... ಬೋರಲು ಹಾಕಿದ ಫ್ಲಾಸ್ಕ್... ಬಾಗಿಲಲ್ಲಿ ನುಂಗಿದ ಮಾತು...

ಡಾಕ್ಟರಮ್ಮ ಮತ್ತೆ ವಿವರಿಸಿದರು. ಫ್ಲಾಸ್ಕಿನಲ್ಲಿ ಕುದಿಸಿದ ಬಿಸಿನೀರು ಮಾತ್ರ ಇರಲಿ. ಪುಡಿ ಡಬ್ಬದಲ್ಲೇ ಇರಲಿ. ಮಗು ಕೇಳಿದಾಗ ಕೈ ತೊಳೆದು, ಕುದಿಸಿ ಇಟ್ಟ ಬಾಟಲಿಯಲ್ಲಿ, ನೀರು ಚೆನ್ನಾಗಿ ಬಿಸಿಯಿರುವಾಗಲೇ ಪುಡಿ ಕಲಸಬೇಕು. ಆಮೇಲೆ ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡಬೇಕು. ಕುಡಿದು ಉಳಿದದ್ದನ್ನು ಚೆಲ್ಲಬೇಕು, ಮತ್ತೆ ಬಿಸಿ ಮಾಡಿ ಕೊಡಬಾರದು.

"ಬೇಗ ತಂದಿದೀರ. ಹೆದರಬೇಡಿ" ಎಂದು ಅವಳ ಭುಜ ಮುಟ್ಟಿ ಹೋದರು.

*

ಮಧ್ಯಾಹ್ನಕ್ಕೆ ರಮೇಶ್‌ಬಾಬು ಓಡೋಡಿ ಬಂದ. ಅಂಗಿಯ ತುಂಬ ಗೂಡಿನ ನೂಲು ಅಂಟಿಕೊಂಡಿತ್ತು. ಮಗು ಕಣ್ಣು ಬಿಟ್ಟಿತ್ತು. ಅದರ ಪಾದವನ್ನು ಮುಟ್ಟಿ, ಹೊರಗೆ ಬಂದು, ಹೊಂಗೆಮರದ ಕೆಳಗೆ ಗೋಡೆಗೆ ಮುಖ ಮಾಡಿ ನಿಂತ. ಶಿರೀಷಾ ಹಿಂದೆಯೇ ಬಂದಳು.

"ನಿಮಗೆ ಗೊತ್ತಿತ್ತು. ನಂಗ್ಯಾಕೆ ಹೇಳಲಿಲ್ಲ?"

ಅವನು ತಿರುಗಲಿಲ್ಲ.

"ಕದ್ದು ಕದ್ದು ಚೆಲ್ತಿದ್ರಿ. ನಾನು ನೋಡಿದೆ ಕಣ್ರೀ. ಮಲತಾಯಿ ಹಾಲು ಅಂತ ಚೆಲ್ತಿದೀರ ಅಂದ್ಕೊಂಡೆ. ದಿನಾ ಸತ್ತಿದೀನಿ ನಾನು."

ಈಗ ತಿರುಗಿದ. ಅವನ ಮುಖದಲ್ಲಿದ್ದ ಬೆರಗು ಸುಳ್ಳಾಗಿರಲಿಲ್ಲ.

ನಿಧಾನವಾಗಿ, ತಡವರಿಸುತ್ತಾ ಹೇಳಿದ. ಮೊದಲ ಸಲ ಮಗುವಿಗೆ ಕಾಯಿಲೆಯಾದಾಗ ಆ ಹಾಲು ಕಲಸಿದ್ದು ಅಮ್ಮ. ಸೊಸೆ ಹೋದ ದುಃಖದಲ್ಲಿ, ಮೊಮ್ಮಗಳನ್ನಾದರೂ ಉಳಿಸಿಕೊಂಡೆ ಎಂಬ ಒಂದೇ ಧೈರ್ಯದ ಮೇಲೆ ಬದುಕಿದ್ದರು. ನಿನ್ನ ಫ್ಲಾಸ್ಕಿನಿಂದಲೇ ಹೀಗಾಯಿತು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹವಾಮಾನದಿಂದ ಆದದ್ದು ಎಂದು ಅಮ್ಮನಿಗೆ ಸುಳ್ಳು ಹೇಳಿ, ರಾತ್ರಿಯ ಹಾಲನ್ನು ತಾನು ವಹಿಸಿಕೊಂಡ.

"ಅತ್ತೆಗೆ ಹೇಳಲಿಲ್ಲ, ಸರಿ. ನಂಗೆ?"

"ನಿಂಗೆ ಹೇಳೋಕೆ ಇನ್ನೂ ಭಯ" ಎಂದ. "ಪಾಪು ವಿಷಯದಲ್ಲಿ ಹಂಗಲ್ಲ ಹಿಂಗೆ ಅಂತ ಒಂದು ಮಾತು ಅಂದ್ರೆ, ನೀನು ಇವಳ ತಾಯಿ ಅಲ್ಲ ಅಂದಂಗೆ ಕೇಳಿಸ್ತದೇನೋ ಅಂತ... ನೀನು ಹೊರಟ್ಹೋಗ್ತೀಯೇನೋ ಅಂತ. ನಿನ್ನೆ ರಾತ್ರಿ ಫೋನಲ್ಲಾದ್ರೂ ಹೇಳಣ ಅಂದ್ಕೊಂಡೆ. ತಪ್ಪು ನಂದೇ. ನನ್ನ ಮಗಳನ್ನ ನಾನೇ..."

ತಾನು ಎತ್ತದೆ ಬಿಟ್ಟ ಫೋನು ಶಿರೀಷಾಳ ಕಣ್ಣ ಮುಂದೆ ಬಂತು. ಅವನೊಬ್ಬನನ್ನೇ ಬೈಯಲು ನಾಲಿಗೆ ಏಳಲಿಲ್ಲ.

"ನಾನು ನಿಮ್ಮನೆಗೆ ಬಂದ ಮೊದಲನೇ ದಿನ, ಅಲ್ಲೇ ನಿಂತ್ಕೊಳ್ಳಿ ಅಂದ್ರಲ್ಲ. ಮುಖ ಮೂತಿ ನೋಡದೆ. ಹುಳಕ್ಕೆ ಅಂದ್ರೆ ಬಾಯಿ ಬರ್ತದೆ, ಮಗಳಿಗೆ ಅಂದ್ರೆ ಬರಲ್ವಾ?"

ಅವನು ತಲೆ ತಗ್ಗಿಸಿದ.

"ಬೈರಿ ನನ್ನ. ತಪ್ಪು ಮಾಡಿದ್ರೆ ಬೈರಿ. ಹೊರಗಿನೋಳನ್ನ ಯಾರೂ ಬೈಯಲ್ಲ, ಮೇಲೆ ಮೇಲೆ ಚೆನ್ನಾಗಿ ನೋಡ್ಕೊತಾರೆ. ನನ್ನ ಮೊದಲನೇ ಮನೇಲೂ ಕಡೇಲಿ ಹಂಗೇ ಮರ್ಯಾದೆ ಕೊಟ್ಟು ಕಳಿಸಿದ್ರು."

ರಮೇಶ್‌ಬಾಬು ಅವಳ ಬರಿಗಾಲನ್ನು ಆಗ ನೋಡಿದ. ಮರದ ನೆರಳಿನಾಚೆ, ಬಿಸಿಲಿಗೆ ಕಾದ ನೆಲದ ಮೇಲೆ ಕಾಲು ಬದಲಿಸುತ್ತಾ ನಿಂತಿದ್ದಳು. ಅವನು ಹೆಗಲ ಟವಲನ್ನು ತೆಗೆದು ಕೆಳಗೆ ಹಾಸಿದ. ಶಿರೀಷಾ ಅದರ ಮೇಲೆ ನಿಂತು ಅತ್ತಳು.

*

ಮಗು ಚೇತರಿಸಿಕೊಂಡು ಮನೆಗೆ ಬಂದ ದಿನ ಮೋಹನ್‌ಬಾಬು ಫೋನ್ ಮಾಡಿ, ಬಂದು ಕರೆದುಕೊಂಡು ಹೋಗಲೇ ಎಂದು ಕೇಳಿದ. ಶಿರೀಷಾ, ಬಾ ಅಣ್ಣ, ಆದರೆ ಊಟಕ್ಕೆ ಬಾ ಎಂದಳು. ಆ ಕಡೆಯಿಂದ ಅವನು ಉಸಿರು ಬಿಟ್ಟ ಸದ್ದು ಕೇಳಿಸಿತು.

ಸಂಜೆ ಶ್ಯಾಮಲಮ್ಮ ಒಲೆಯ ಮುಂದೆ ಸುಮ್ಮನೆ ಕೂತಿದ್ದರು. ಕೆಂಪು ಫ್ಲಾಸ್ಕ್ ಅಟ್ಟದ ಮೇಲೆ ಹೋಗಿತ್ತು.

"ನನ್ನ ಫ್ಲಾಸ್ಕಿಂದಾನಾ ಅಮ್ಮಾ?" ಎಂದರು. "ನೀವ್ಯಾರೂ ಹೇಳದಿದ್ರೂ... ನಂಗನಿಸ್ತು."

ಶಿರೀಷಾ ಸ್ಟೂಲ್ ಹಾಕಿ ಫ್ಲಾಸ್ಕನ್ನು ಕೆಳಗಿಳಿಸಿದಳು. ಸೋಪು ಹಾಕಿ ತೊಳೆದು ಅತ್ತೆಯ ಮುಂದಿಟ್ಟಳು. "ಹಾಲು ಬೇಡ ಅತ್ತೆ. ಕುದಿಯೋ ನೀರು ತುಂಬಿ ಕೊಡಿ. ರಾತ್ರಿ ನೀರು ಕಾಯೋಗಂಟ ಪಾಪು ಅಳೋದು ತಪ್ಪುತ್ತೆ. ಇದು ಇಲ್ಲದಿದ್ರೆ ನಂಗೆ ಕೈಯೇ ಆಡಲ್ಲ."

ಮುದುಕಿ ಕಣ್ಣೊರೆಸಿಕೊಂಡು ನೀರಿಗೆ ಇಟ್ಟರು.

ಊಟವಾದ ಮೇಲೆ ಮಗು ಅತ್ತಿತು. ರಮೇಶ್‌ಬಾಬು ಅಭ್ಯಾಸದಂತೆ ಎದ್ದವನು, ಏನೋ ನೆನಪಾಗಿ ಕೂತ. ಶಿರೀಷಾ ಎದ್ದು ಅಡುಗೆಮನೆಗೆ ಹೋದಳು. ಅವನೂ ಹಿಂದೆ ಬಂದು ಬಾಗಿಲಿಗೆ ಒರಗಿದ. ಅವಳು ಪುಡಿಯ ಡಬ್ಬಕ್ಕೆ ಕೈ ಹಾಕಿದಳು.

ಅವನು ಕೆಮ್ಮಿದ. ಅತ್ತ ಇತ್ತ ನೋಡಿದ. ಅವನಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಬೇಕೆಂದೇ ಮುಚ್ಚಳ ತೆಗೆದಳು.

"ಅಲ್ಲೇ ನಿಂತ್ಕೊ" ಎಂದ ರಮೇಶ್‌ಬಾಬು. "ಕೈ ತೊಳ್ಕೊಂಡ್ಯಾ?"

ಶಿರೀಷಾ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಇಲ್ಲ. ನೀರು ಹುಯ್ರಿ ಬನ್ನಿ."

ಅವನು ಚೊಂಬು ಎತ್ತಿಕೊಂಡ. ಈ ಸಲ ಅವಳ ಮುಖ ನೋಡುತ್ತಲೇ ನೀರು ಹುಯ್ದ.

"ಇನ್ನೂ ಸ್ವಲ್ಪ ಜೋರಾಗಿ ಬೈಬೇಕಿತ್ತು" ಎಂದಳು ಅವಳು.

"ನಾಳೆಗಿರಲಿ" ಎಂದ. "ಮೋಕ್ಷಿ ಅಮ್ಮಂಗೆ ಕಾಯ್ತಾವಳೆ. ಬೇಗ ಕಲಸು."