ಕೊಂಡಿ ಕೂಡಿಸುವಾಗ

ದಿಲ್ಲಿ ದರ್ಬಾರಿನ ಮರುವರ್ಷ ಇಳಕಲ್ಲಿನ ಮೌಲಾಬಿ ನೂಲಿಗೆ ಹಚ್ಚುವ ಗಂಜಿ ಚೆಲ್ಲಿ ಕೈ ಸುಟ್ಟುಕೊಂಡಳು. ಅವಳ ಕೈ ಸುಡದಿದ್ದರೆ ಅದೇ ಓಣಿಯ ನೇಕಾರರ ಮಗಳು ಕೃಪವ್ವನ ಕಣ್ಣು ಇನಾಸಪ್ಪನ ಮೇಲೆ ಬೀಳುತ್ತಲೇ ಇರಲಿಲ್ಲ.

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಚಾಚುವ ಎಳೆ, ಹತ್ತಿ ನೂಲಿನದು; ಸೆರಗಿನ ಹಾಸು ರೇಷ್ಮೆಯದು. ಎರಡರ ತುದಿಯ ಎಳೆಗಳನ್ನು ಕುಣಿಕೆ ಮಾಡಿ, ಒಂದರೊಳಗೊಂದು ತೂರಿಸಿ ಕೂಡಿಸಬೇಕು. ಅದೇ ಕೊಂಡಿ. ಎದುರುಬದುರು ಇಬ್ಬರು ಕೂರದೆ ಅದು ಆಗುವುದಿಲ್ಲ. ಹಾಸು ಚಾಚಲು ಓಣಿಗೆಲ್ಲ ಮೌಲಾಬಿಯ ಉದ್ದನೆಯ ಪಡಸಾಲೆಯೇ ಗತಿ. ಕೃಪವ್ವನ ಎದುರು ಕೂರುವವಳೂ ಅವಳೇ. ಅಂದು ಮಾತ್ರ ತನ್ನ ಜಾಗದಲ್ಲಿ ರೇಷ್ಮೆಗೆ ಬಣ್ಣ ಹಾಕುವ ಇನಾಸಪ್ಪನನ್ನು ಕೂರಿಸಿದಳು.

ಕೃಪವ್ವ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಅವಳದು ಪ್ರಾಟೆಸ್ಟಂಟ್ ಮಿಶನ್ನಿನ ಸಭೆ, ಅವರ ಪ್ರಾರ್ಥನೆ ಸ್ವಲ್ಪ ಉದ್ದ. ರೋಮಿನ ಕ್ಯಾಥೊಲಿಕ್ ಸಭೆಯ ಇನಾಸಪ್ಪ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿ ಆಗಲೇ ಮುಗಿಸಿದ್ದ.

"ಪ್ರಾರ್ಥನಿ ಮಾಡೂ ಮುಂದ ನನ್ನ ಮುಖಾ ಯಾಕ ನೋಡಿದ್ರಿ?" ಎಂದಳು ಕೃಪವ್ವ.

"ಕಣ್ಣ ಮುಚ್ಚಿದವರಿಗೆ ಅದು ಹ್ಯಾಂಗ ಕಾಣಿಸ್ತರಿ?"

ಕೃಪವ್ವ ಎಳೆ ಹುಡುಕತೊಡಗಿದಳು. ಅವನ ಬೆರಳು ಬಣ್ಣದ ಬಾನಿಯಲ್ಲಿ ಕೆಂಪಾಗಿದ್ದವು. ಅವಳ ಕಿವಿ ಸುಮ್ಮನೆ ಕೆಂಪಾದವು.

ಮತ್ತೂ ಹಾಸು ಬಂದವು, ಅವನೂ ಬಂದ. ಎಳೆ ದಾಟಿಸುವಾಗ ಬೆರಳು ತಾಗಿದರೆ ಇಬ್ಬರೂ ತಾಗಲಿಲ್ಲವೆಂಬಂತೆ ಇರುತ್ತಿದ್ದರು. ಗಾಯ ಮಾಗಿದ ಮೇಲೂ ಮೌಲಾಬಿ ಕೈಪಟ್ಟಿ ಬಿಚ್ಚಲಿಲ್ಲ. ನೋವು ಹೋಗಿಲ್ಲ ಎನ್ನುತ್ತಿದ್ದಳು, ಅದೇ ಕೈಯಲ್ಲಿ ರೊಟ್ಟಿ ಬಡಿಯುತ್ತ.

ಇನಾಸಪ್ಪ ಹೆಣ್ಣು ಕೇಳಿದಾಗ ಕೃಪವ್ವನ ಅಪ್ಪ ಸಮುವೇಲಪ್ಪ ಕೆರಳಿದ. ಆ ಎರಡು ಸಭೆಯವರು ಒಬ್ಬರ ಮನೆಯ ನೀರು ಒಬ್ಬರು ಕುಡಿಯುತ್ತಿರಲಿಲ್ಲ. ಜಪಮಾಲೆ ಬಿಟ್ಟು ಬಂದರೆ ಕೊಡುತ್ತೇನೆ ಎಂದ ಅಪ್ಪ. ಹುಡುಗಿಯೇ ನಮ್ಮ ಸಭೆಗೆ ಬರಲಿ ಎಂದಳು ಹುಡುಗನ ತಾಯಿ.

ಕೃಪವ್ವ ಮೌಲಾಬಿಯ ಮುಂದೆ ಅತ್ತಳು. "ಬಿಟ್ಟು ಬಂದ್ರ ಬಂದವ್ರು ಅವ್ರ ಆಗಿರೂದಿಲ್ಲ. ಬಿಟ್ಟು ಹೋದ್ರ ಹೋದಾಕಿ ನಾ ಆಗಿರೂದಿಲ್ಲ."

ಅಪ್ಪ ಗುಳೇದಗುಡ್ಡದಲ್ಲಿ ತಮ್ಮದೇ ಸಭೆಯ ವರನನ್ನು ಗೊತ್ತು ಮಾಡಿ, ಮದುವೆ ಸೀರೆಗೆ ಹಾಸು ಚಾಚಿದ. ಮಗಳು ಅದಕ್ಕೆ ಕೈ ಹಚ್ಚಲಿಲ್ಲ. ಮೌಲಾಬಿ ಕೈಪಟ್ಟಿ ತೋರಿಸಿದಳು. ಹಟಕ್ಕೆ ಬಿದ್ದು ಒಬ್ಬನೇ ಕೂತ ಸಮುವೇಲಪ್ಪ, ಕೊಂಡಿ ಬೀಳದಿದ್ದಾಗ ಎಳೆ ಕತ್ತರಿಸಿ ಗಂಟು ಹಾಕಿದ. ಮಗ್ಗದ ಹಣಿಗೆಯ ಹಲ್ಲಿನಲ್ಲಿ ಗಂಟು ಸಿಕ್ಕಿ ರೇಷ್ಮೆ ಪಟಪಟನೆ ಹರಿಯಿತು. ಹುಟ್ಟಾ ನೇಕಾರ, ಸಿಟ್ಟಿನಲ್ಲಿ ಕಸುಬನ್ನೇ ಮರೆತಿದ್ದ.

ಹರಿದ ಹಾಸು ಹೊತ್ತು ಬಂದವನನ್ನು ಮೌಲಾಬಿ ಕೂರಿಸಿ ನೀರು ಕೊಟ್ಟಳು.

"ಗಂಟ ಹಾಕಬೇಕಂದ್ರ ಎಳಿ ಕತ್ತರಿಸಬೇಕು ಅಣ್ಣಾ. ಕೊಂಡ್ಯಾಗ ಯಾವ ಎಳೀನೂ ಕಡಿಯೂದಿಲ್ಲ. ಇಷ್ಟ ವರ್ಷ ನನ್ನ ಕೈಯಾನ ನೀರ ಕುಡದಿ. ನಾ ನಮಾಜ ಬಿಟ್ಟೆನೇನು, ನೀ ಪ್ರಾರ್ಥನಿ ಬಿಟ್ಟಿಯೇನು? ನಿನ್ನ ಏಸೂನ ಹೆಸರ ಹೇಳೂ ಹುಡುಗಗ ಮಾತ್ರ ಬಾಗಲಾ ಹಾಕ್ತಿ."

ಸಮುವೇಲಪ್ಪ ನೀರು ಕುಡಿದು ಎದ್ದು ಹೋದ. ಮರುದಿನ ಇನಾಸಪ್ಪನ ಮನೆಯ ಹೊಸ್ತಿಲಲ್ಲಿ ನಿಂತು, ಸೆರಗಿಗೆ ಹೊಸ ರೇಷ್ಮೆ ಬೇಕು ಎಂದ. ಆಮೇಲೆ, ಕುಡಿಯಲು ನೀರು ಬೇಕು ಎಂದ. ಹುಡುಗನ ತಾಯಿ ತಂಬಿಗೆ ತುಂಬಿ ತಂದಳು, ಅವನು ಒಂದೇ ಉಸಿರಿಗೆ ಕುಡಿದ.

"ಜಪಮಾಲಿ ನಿನ್ನ ಕೊಳ್ಳಾಗ ಇರ್ಲಿ, ಹಾಡಿನ ಪುಸ್ತಕ ಅಕಿ ಕೈಯಾಗ ಇರ್ಲಿ," ಎಂದ ಸಮುವೇಲಪ್ಪ ಇನಾಸಪ್ಪನಿಗೆ. "ಗುಳೇದಗುಡ್ಡದವರಿಗೆ ನಾ ಹೇಳ್ತೇನಿ. ಪಾದ್ರಿಗಳಿಗೂ ನಾನ ಕೈ ಮುಗೀತೇನಿ."

ಸಂಜೆ ಮೌಲಾಬಿಯ ಪಡಸಾಲೆಯಲ್ಲಿ ಮದುವೆ ಸೀರೆಯ ಹಾಸು ಮತ್ತೆ ಚಾಚಿಕೊಂಡಿತು. ಕೃಪವ್ವ ಈ ಕಡೆ, ಇನಾಸಪ್ಪ ಆ ಕಡೆ. ಮೌಲಾಬಿ ಬಿಸ್ಮಿಲ್ಲಾ ಎಂದಳು, ಇನಾಸಪ್ಪ ಶಿಲುಬೆಯ ಗುರುತು ಮಾಡಿದ, ಸಮುವೇಲಪ್ಪ ತನ್ನ ಉದ್ದನೆಯ ಪ್ರಾರ್ಥನೆ ಶುರು ಮಾಡಿದ. ಇಷ್ಟು ದಿನ ನೇರ ನೋಡದ ಇನಾಸಪ್ಪನ ಮುಖವನ್ನು ಕೃಪವ್ವ ಕಣ್ತುಂಬ ನೋಡುತ್ತಿದ್ದಳು.

ಪ್ರಾರ್ಥನೆಯ ನಡುವೆಯೇ ಅಪ್ಪ ಮೆಲ್ಲಗೆ ಅಂದ: "ಕೃಪಾ, ಕಣ್ಣ ಮುಚ್ಚವಾ."

"ನೀ ಮುಚ್ಚಿದ್ರ, ನಿನಗ ಹ್ಯಾಂಗ ಕಾಣಿಸ್ತಪಾ?"

ಮೌಲಾಬಿ ನಗುತ್ತ ಕೈಪಟ್ಟಿ ಬಿಚ್ಚಿದಳು.